ಹಳೆಯ ಕಾರಿನ ಎಂಜಿನ್ ಉಸಿರಾಟ: ಅಂಬಾಸಿಡರ್ ಕ್ರ್ಯಾಂಕ್‌ಕೇಸ್ ಗಾಳಿ ಸಂಚಾರದ ಸಮಗ್ರ ಮಾರ್ಗದರ್ಶಿ

ಅಂಬಾಸಿಡರ್ ಕಾರು ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಹನಿಗಳು ಕಂಡರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಪ್ಯಾಕಿಂಗ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಬದಲಿಸುತ್ತಾರೆ. ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಎಣ್ಣೆ ಜಿನುಗಿದರೆ ಪ್ಯಾಕಿಂಗಿನ ಗುಣಮಟ್ಟವನ್ನು ದೂರುತ್ತಾರೆ. ಎಂಜಿನ್ನಿನ ಒಳಗೆ ಒತ್ತಡ ಕಟ್ಟಿಕೊಂಡಿದ್ದರೆ ಯಾವ ಪ್ಯಾಕಿಂಗೂ ಬಹುಕಾಲ ನಿಲ್ಲುವುದಿಲ್ಲ ಎಂಬುದನ್ನು ನಾನು ತಡವಾಗಿ, ಸಾಕಷ್ಟು ಹಣ ಕಳೆದುಕೊಂಡ ಮೇಲೆ ಕಲಿತೆ. ಆದ್ದರಿಂದ ಎಣ್ಣೆ ಸೋರುವ ಹಳೆಯ ಕಾರಿನಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಸರಿಯಾಗಿ ಉಸಿರಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಅದನ್ನು ಹೇಗೆ ಮಾಡಬೇಕೆಂದು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬಕ್ಕೆ ಸೇರಿದ ಈ ಎಂಜಿನ್ ಮಾರಿಸ್ ಆಕ್ಸ್‌ಫರ್ಡ್, ಎಂಜಿ ಮೊದಲಾದ ಕಾರುಗಳಲ್ಲೂ ಇತ್ತು. ಆದ್ದರಿಂದ ಇಲ್ಲಿನ ಬಹುಪಾಲು ಮಾತುಗಳು ಆ ಕಾರುಗಳಿಗೂ ಸಲ್ಲುತ್ತವೆ.

ಒಳಗೆ ಒತ್ತಡ ಬರುವುದು ಎಲ್ಲಿಂದ

ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಸಿಲಿಂಡರಿನ ಗೋಡೆಗೆ ನೂರಕ್ಕೆ ನೂರು ಅಂಟಿಕೊಂಡು ಕೂರುವುದಿಲ್ಲ. ಪ್ರತಿ ರಿಂಗಿನ ತುದಿಗಳ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ, ಏಕೆಂದರೆ ಆ ಸಂದು ಇಲ್ಲದಿದ್ದರೆ ರಿಂಗ್ ಬಿಸಿಗೆ ಹಿಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. ಕಂಪ್ರೆಶನ್ ಮತ್ತು ದಹನದ ಹೊತ್ತಿನಲ್ಲಿ ಈ ಸಂದಿನ ಮೂಲಕ ಅನಿಲ ಕೆಳಗೆ ಕ್ರ್ಯಾಂಕ್ ದಂಡ ತಿರುಗುವ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಪುಸ್ತಕಗಳು ಇದನ್ನು ಬ್ಲೋ-ಬೈ ಎನ್ನುತ್ತವೆ, ನಮ್ಮ ಗ್ಯಾರೇಜುಗಳಲ್ಲಿ ಇದಕ್ಕಿರುವ ಹೆಸರು ಬ್ಯಾಕ್ ಕಂಪ್ರೆಶನ್. ಒಂದು ಅಂದಾಜು ಹಾಕಿ ನೋಡೋಣ. ನಾಲ್ಕು ಸ್ಟ್ರೋಕಿನ 1489 ಸಿಸಿ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಒಳಗೆಳೆಯುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಅದು ನಿಮಿಷಕ್ಕೆ ಹೆಚ್ಚೆಂದರೆ 1489 ಲೀಟರ್ ಆಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಕೆಳಗೆ ನುಸುಳಿದರೂ ನಿಮಿಷಕ್ಕೆ 15 ಲೀಟರ್ ಅನಿಲ ಹೊರಹೋಗಲು ದಾರಿ ಹುಡುಕುತ್ತಿರುತ್ತದೆ. ದಾರಿ ಕೊಡದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ. ರಾಕರ್ ಕವರಿನ ಅಂಚು, ಸೈಡ್ ಕವರಿನ ಕಾರ್ಕ್, ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ಬಾಯಿ, ತಳದಲ್ಲಿ ಎಣ್ಣೆ ತುಂಬಿರುವ ಆಯಿಲ್ ಚೇಂಬರಿನ ಮೂಲೆ, ಹೀಗೆ ಸಡಿಲ ಸಿಕ್ಕ ಕಡೆಯಿಂದೆಲ್ಲ ಎಣ್ಣೆಯನ್ನೂ ಜೊತೆಗೆ ಹೊತ್ತು ಹೊರಬರುತ್ತದೆ.

ನುಸುಳಿದ ಅನಿಲ ಬರೀ ಹೊಗೆಯಲ್ಲ. ಅದರಲ್ಲಿ ಹೆಚ್ಚಿನ ಪಾಲು ಇನ್ನೂ ಉರಿಯದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ. ಉಳಿದದ್ದು ದಹನದಿಂದ ಹುಟ್ಟಿದ ಅನಿಲಗಳು ಮತ್ತು ನೀರಿನ ಆವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸರಿಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ ಎಂಬುದು ಅನೇಕರಿಗೆ ಅಚ್ಚರಿ ತರುವ ಸಂಗತಿ. ಬಹುಪಾಲು ನೀರು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ, ಆದರೆ ರಿಂಗ್ ದಾಟಿ ಬಂದ ಅಲ್ಪ ಭಾಗ ತಣ್ಣಗಿರುವ ಎಂಜಿನ್ನಿನಲ್ಲಿ ಹನಿಗಟ್ಟಿ ಎಣ್ಣೆಯಲ್ಲಿ ಬೆರೆಯುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಅಂಟಿಕೊಂಡಿದ್ದರೆ ಅದು ಈ ನೀರೇ. ಮಳೆಗಾಲದ ಮಲೆನಾಡಿನಲ್ಲಿ, ಅಥವಾ ಮನೆಯಿಂದ ಎರಡು ಕಿಲೋಮೀಟರ್ ದೂರದ ಮಾರುಕಟ್ಟೆಗೆ ಮಾತ್ರ ಹೋಗಿಬರುವ ಕಾರಿನಲ್ಲಿ ಇದು ಸಾಮಾನ್ಯ. ಮುಚ್ಚಳದಲ್ಲಿ ಮಾತ್ರ ತೆಳುವಾಗಿ ಕಂಡರೆ ಹೆದರಬೇಕಿಲ್ಲ. ಡಿಪ್‌ಸ್ಟಿಕ್ಕಿನಲ್ಲೂ ಕಂಡರೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕಾಗುತ್ತದೆ. ನೀರು ಮತ್ತು ಆಮ್ಲೀಯ ಅನಿಲ ಸೇರಿದ ಎಣ್ಣೆ ಕ್ರಮೇಣ ಕಪ್ಪು ಗೊಜ್ಜಿನಂತಾಗಿ ಬೇರಿಂಗುಗಳನ್ನು ತಿನ್ನುತ್ತದೆ. ಆದ್ದರಿಂದ ಗಾಳಿ ಸಂಚಾರಕ್ಕೆ ಎರಡು ಕೆಲಸಗಳಿವೆ: ಒತ್ತಡವನ್ನು ಇಳಿಸುವುದು, ಹೊಸ ಗಾಳಿ ಹಾಯಿಸಿ ಆವಿಯನ್ನು ಹೊರಹಾಕುವುದು. ಒತ್ತಡ ಇಳಿಸಲು ಒಂದು ತೂತು ಸಾಕು. ಆವಿ ಹೊರಹೋಗಲು ಗಾಳಿ ಒಳಬರುವ ಬಾಯಿ ಮತ್ತು ಹೊರಹೋಗುವ ಬಾಯಿ, ಎರಡೂ ಬೇಕು.

ಎಲ್ಲ ಎಂಜಿನ್ನುಗಳ ಕ್ರ್ಯಾಂಕ್‌ಕೇಸೂ ಒಂದೇ ರೀತಿ ವರ್ತಿಸುವುದಿಲ್ಲ. ಹಳೆಯ 346 ಸಿಸಿ ಬುಲೆಟ್ ಎಂಜಿನ್ನಿನಲ್ಲಿ ಇರುವುದು ಒಂದೇ ಪಿಸ್ಟನ್. ಅದು ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಅಷ್ಟೂ ಸಿಸಿ ಒತ್ತಲ್ಪಡುತ್ತದೆ, ಆದ್ದರಿಂದ ಅದಕ್ಕೆ ಗಾಳಿಯನ್ನು ಹೊರಗೆ ಬಿಟ್ಟು ಒಳಗೆ ಬಿಡದ, ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಕವಾಟ ಬೇಕಾಗುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎರಡು ಸ್ಟ್ರೋಕಿನ ಜಾವಾದಲ್ಲಿ ವಿಷಯ ತಿರುವುಮುರುವು. ಅಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಮಿಶ್ರಣವನ್ನು ಮೇಲಕ್ಕೆ ದೂಡುವ ಪಂಪು, ಹಾಗಾಗಿ ಅದು ಗಾಳಿಯಾಡದಂತೆ ಮುಚ್ಚಿರಬೇಕು. ಅಂಬಾಸಿಡರಿನ ನಾಲ್ಕು ಪಿಸ್ಟನ್ನುಗಳಲ್ಲಿ ಎರಡು ಇಳಿಯುವಾಗ ಎರಡು ಏರುತ್ತವೆ, ಆದ್ದರಿಂದ ಒಳಗಿನ ಒಟ್ಟು ಜಾಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅಲ್ಲಿ ಕಾಣುವ ಒತ್ತಡಕ್ಕೆ ರಿಂಗ್ ದಾಟಿ ಬಂದ ಅನಿಲವೇ ಮುಖ್ಯ ಕಾರಣ. ಈ ಕಾರಣದಿಂದಲೇ ಆ ಒತ್ತಡವನ್ನು ಅಳೆದು ಎಂಜಿನ್ನಿನ ಆರೋಗ್ಯದ ಬಗ್ಗೆ ತೀರ್ಮಾನಕ್ಕೆ ಬರಲು ಸಾಧ್ಯವಾಗುತ್ತದೆ.

ಮೊದಲ ಹಂತ: ದಾರಿಯನ್ನು ಗುರುತಿಸುವುದು

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಮೆಕ್ಯಾನಿಕ್‌ಗಳು ಎಂಜಿನ್ನಿನ ತಲೆಯ ಮೇಲಿರುವ ಮುಚ್ಚಳವನ್ನು ಟ್ಯಾಪೆಟ್ ಕವರ್ ಎನ್ನುತ್ತಾರೆ, ಮ್ಯಾನುಯಲ್ಲಿನಲ್ಲಿ ಅದು ರಾಕರ್ ಕವರ್. ಮ್ಯಾನುಯಲ್ ಟ್ಯಾಪೆಟ್ ಕವರ್ ಎನ್ನುವುದು ಬ್ಲಾಕಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಮಿಶ್ರಣ ತರುವ, ಹೊಗೆ ಒಯ್ಯುವ ಕವಲು ಕೊಳವೆಗಳ) ಕೆಳಗೆ ಇರುವ ಎರಡು ತಗಡಿನ ಮುಚ್ಚಳಗಳನ್ನು. ಇಲ್ಲಿ ಮೇಲಿನದನ್ನು ರಾಕರ್ ಕವರ್ ಎಂದೂ ಪಕ್ಕದವನ್ನು ಸೈಡ್ ಕವರ್ ಎಂದೂ ಕರೆಯುತ್ತೇನೆ.

ಮುಂದಿನ ಸೈಡ್ ಕವರಿನಿಂದ ಒಂದು ಲೋಹದ ಕೊಳವೆ ಕೆಳಗಿಳಿದು ಎಂಜಿನ್ನಿನ ತಳದ ಬಳಿ ತೆರೆದುಕೊಳ್ಳುತ್ತದೆ. ಇದೇ ಡ್ರಾಫ್ಟ್ ಟ್ಯೂಬ್. ಕಾರು ಓಡುವಾಗ ಕೆಳಗಿನ ಗಾಳಿ ಕೊಳವೆಯ ಬಾಯಿಯನ್ನು ಸವರಿಕೊಂಡು ಹಿಂದಕ್ಕೆ ಹರಿಯುತ್ತದೆ, ಬಾಯಿಯಲ್ಲಿ ಒತ್ತಡ ಕಡಿಮೆಯಾಗಿ ಒಳಗಿನ ಆವಿ ಹೊರಗೆಳೆಯಲ್ಪಡುತ್ತದೆ. ರಾಕರ್ ಕವರಿನಿಂದ ಇನ್ನೊಂದು ರಬ್ಬರ್ ಪೈಪು ಏರ್ ಕ್ಲೀನರಿಗೆ ಹೋಗುತ್ತದೆ. ಹೆದ್ದಾರಿಯ ವೇಗದಲ್ಲಿ ಸೋಸಿದ ಗಾಳಿ ಈ ಪೈಪಿನಿಂದ ಒಳಬಂದು, ಪುಷ್‌ರಾಡುಗಳ ಜಾಗದಲ್ಲಿ ಇಳಿದು, ಡ್ರಾಫ್ಟ್ ಟ್ಯೂಬಿನಿಂದ ಹೊರಹೋಗಬಹುದು. ನಿಧಾನವಾಗಿ ಚಲಿಸುವಾಗ ಡ್ರಾಫ್ಟ್ ಟ್ಯೂಬಿಗೆ ಎಳೆತವಿಲ್ಲ. ಗಂಟೆಗೆ ಸುಮಾರು 40 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಅದು ಒತ್ತಡ ಇಳಿಸುವ ತೂತು ಮಾತ್ರ. ಆಗ ಅನಿಲ ಎರಡೂ ಬಾಯಿಗಳಿಂದ ಹೊರಬರುತ್ತದೆ, ರಾಕರ್ ಕವರಿನಿಂದ ಹೊರಟದ್ದು ಕಾರ್ಬ್ಯುರೇಟರ್ ಮೂಲಕ ಮತ್ತೆ ಎಂಜಿನ್ನಿಗೇ ಸೇರಿ ಸುಡುತ್ತದೆ.

ಈ ವ್ಯವಸ್ಥೆಗೆ ಅತ್ಯಂತ ಕಷ್ಟದ ಸನ್ನಿವೇಶವೆಂದರೆ ನಮ್ಮ ಘಾಟಿಗಳು. ಆಗುಂಬೆಯ 14 ತಿರುವುಗಳನ್ನು ತುಂಬಿದ ಕಾರು ಎರಡನೆಯ ಗೇರಿನಲ್ಲಿ ಹತ್ತುವಾಗ ಸಿಲಿಂಡರಿನ ಒತ್ತಡ ಗರಿಷ್ಠ, ಹಾಗಾಗಿ ನುಸುಳುವ ಅನಿಲವೂ ಗರಿಷ್ಠ. ವೇಗ ಮಾತ್ರ ಕನಿಷ್ಠ. ಘಾಟಿ ಹತ್ತಿ ನಿಂತಾಗ ಬಾನೆಟ್ಟಿನ ಸಂದಿನಿಂದ ಎಣ್ಣೆಯ ವಾಸನೆ ಬರುವುದು, ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ಸೇರಿರುವುದು ಇದರಿಂದಲೇ.

ಹಿಂದಿನ ಬೇರಿಂಗಿನ ಗುಟ್ಟು

ಈ ಎಂಜಿನ್ನಿಗೆ ಗಾಳಿ ಸಂಚಾರ ಏಕೆ ಇಷ್ಟು ಮುಖ್ಯವೆಂದರೆ, ಮೂರು ಮೇನ್ ಬೇರಿಂಗುಗಳ ಈ ಬಿ-ಸೀರೀಸಿನಲ್ಲಿ ಕ್ರ್ಯಾಂಕಿನ ಹಿಂದಿನ ತುದಿಗೆ ರಬ್ಬರ್ ಆಯಿಲ್ ಸೀಲ್ ಇಲ್ಲ. ಅದರ ಬದಲು ಕ್ರ್ಯಾಂಕಿನ ಮೇಲೆ ಬೋಲ್ಟಿನ ಥ್ರೆಡ್ಡಿನಂತೆ ಸುರುಳಿ ಗೆರೆ ಕೊರೆದಿದ್ದಾರೆ. ಕ್ರ್ಯಾಂಕ್ ತಿರುಗುವಾಗ ಆ ಸುರುಳಿ ಹೊರಗೆ ಬರಲು ನೋಡುವ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ, ಎಣ್ಣೆ ಒಂದು ರಂಧ್ರದ ಮೂಲಕ ಆಯಿಲ್ ಚೇಂಬರಿಗೆ ಮರಳುತ್ತದೆ. ಸುರುಳಿಗೂ ಅದನ್ನು ಸುತ್ತುವರಿದ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಸುರುಳಿಯು ಎಣ್ಣೆಯನ್ನು ತಳ್ಳಬಲ್ಲದು, ಗಾಳಿಯನ್ನು ತಡೆಯಲಾರದು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಟ್ಟಿದರೆ ಗಾಳಿ ಆ ಸಂದಿನಿಂದ ಎಣ್ಣೆಯನ್ನು ಹೊತ್ತು ಕ್ಲಚ್ ಹೌಸಿಂಗಿಗೆ ನುಗ್ಗುತ್ತದೆ, ಕ್ಲಚ್ ಹೌಸಿಂಗಿನ ಕೆಳಗಿನ ರಂಧ್ರದಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.

ನಮ್ಮ ಮನೆಯ ಕಾರಿಗೆ ಆದದ್ದೂ ಇದೇ. ಅಪ್ಪ ಕಾಯಿಲೆ ಬಿದ್ದ ವರ್ಷ ಅದು ಎಂಟು ತಿಂಗಳು ಶೆಡ್ಡಿನಲ್ಲಿ ನಿಂತಿತ್ತು. ಹೊರತೆಗೆದು ಓಡಿಸಿದ ಎರಡನೆಯ ವಾರಕ್ಕೆ ಕ್ಲಚ್ ಜಾರತೊಡಗಿತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ, ಎಣ್ಣೆಯಲ್ಲಿ ನೆಂದ ಕ್ಲಚ್ ಪ್ಲೇಟ್ ಬದಲಿಸಿ, ಕ್ರ್ಯಾಂಕ್ ಸವೆದಿದೆ, ಎಂಜಿನ್ ಬಿಚ್ಚಲೇಬೇಕು ಎಂದರು. ಹೊಸ ಪ್ಲೇಟೂ ಒಂದು ತಿಂಗಳಲ್ಲಿ ನೆನೆಯಿತು. ಕೊನೆಗೆ ಒಂದು ಭಾನುವಾರ ನಾನು ಕಾರಿನ ಕೆಳಗೆ ಮಲಗಿ ಡ್ರಾಫ್ಟ್ ಟ್ಯೂಬಿನ ಬಾಯಿಗೆ ಬೆರಳಿಟ್ಟಾಗ ಒಳಗೆ ಕಲ್ಲಿನಂತೆ ಗಟ್ಟಿಯಾದದ್ದೇನೋ ತಾಕಿತು. ಸ್ಕ್ರೂಡ್ರೈವರಿನಿಂದ ಕುಕ್ಕಿದಾಗ ಕೆಂಪು ಮಣ್ಣಿನ ಹೆಂಟೆಗಳು ಒಂದೊಂದಾಗಿ ಉದುರಿದವು, ಅವುಗಳ ಒಳಗೆ ಒಣಗಿದ ಜೇಡದ ಕಾಲುಗಳಿದ್ದವು. ಶೆಡ್ಡಿನಲ್ಲಿ ನಿಂತಿದ್ದ ತಿಂಗಳುಗಳಲ್ಲಿ ಕುಂಬಾರ ಹುಳವು ಕೊಳವೆಯಲ್ಲಿ ಸಾಲಾಗಿ ಗೂಡು ಕಟ್ಟಿ ಮುಚ್ಚಿಬಿಟ್ಟಿತ್ತು. ಕೊಳವೆ ತೆರವಾದ ಮೇಲೆ ಅದೇ ಕ್ರ್ಯಾಂಕಿನಲ್ಲಿ ಆ ಕಾರು ಇವತ್ತಿಗೂ ಓಡುತ್ತಿದೆ.

ಎರಡನೆಯ ಹಂತ: ಕಣ್ಣು ಮತ್ತು ಕೈಯ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ, ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಆರಂಭಿಸಿ. ಜ್ಯಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಕೆಳಗೆ ಎಂದಿಗೂ ಹೋಗಬಾರದು, ಸ್ಟ್ಯಾಂಡ್ ಇಟ್ಟೇ ಹೋಗಬೇಕು.

ಡ್ರಾಫ್ಟ್ ಟ್ಯೂಬಿನ ಕೆಳಬಾಯಿಯಿಂದ ಬಾಗುವ ತಂತಿಯನ್ನು ಮೇಲಕ್ಕೆ ತೂರಿಸಿ ತಡೆ ಇದೆಯೇ ನೋಡಿ. ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿದ್ದರೆ ಆ ಓರೆ ಮುಖ ಕಾರಿನ ಹಿಂಭಾಗಕ್ಕೆ ತಿರುಗಿರಬೇಕು. ರೋಡ್ ಹಂಪಿಗೆ ತಾಗಿ ಬಾಗಿ ಮುಂದಕ್ಕೆ ತಿರುಗಿದ್ದರೆ ಓಡುವ ಗಾಳಿ ಧೂಳಿನ ಸಮೇತ ಒಳಗೆ ನುಗ್ಗುತ್ತದೆ, ಆವಿಯನ್ನು ಹೊರಗೆಳೆಯುವ ಬದಲು ಒಳಗೇ ತಡೆಯುತ್ತದೆ. ಕೊಳವೆ ಮುರಿದು ಗಿಡ್ಡವಾಗಿದ್ದರೂ ದೋಷವೇ, ಏಕೆಂದರೆ ಎಂಜಿನ್ನಿನ ಮಗ್ಗುಲಲ್ಲಿ ಸಿಗದ ಗಾಳಿಯ ಹರಿವು ಕೆಳಗೆ ಮಾತ್ರ ಸಿಗುತ್ತದೆ. ಹನಿ ಬೀಳುವುದನ್ನು ತಡೆಯಲು ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿರುವ, ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಿರುವ ಕಾರುಗಳನ್ನು ನಾನು ನೋಡಿದ್ದೇನೆ. ಕಟ್ಟಿದವರ ಉದ್ದೇಶ ಒಳ್ಳೆಯದೇ ಆದರೂ ಇದರಿಂದ ಆಗುವುದು ಕುಂಬಾರ ಹುಳದ ಗೂಡಿನಿಂದ ಆದದ್ದೇ. ತಕ್ಷಣ ಬಿಚ್ಚಿಬಿಡಿ.

ಬಳಿಕ ರಾಕರ್ ಕವರಿನ ಪೈಪನ್ನು ಬಿಚ್ಚಿ, ಎರಡೂ ತುದಿಗಳನ್ನು ನೋಡಿ ಹಿಂಡಿ ಪರೀಕ್ಷಿಸಿ. ಎಷ್ಟೋ ಕಾರುಗಳಲ್ಲಿ ಇಲ್ಲಿ ಸಾಮಾನ್ಯ ನೀರಿನ ಪೈಪಿನ ತುಂಡು ಹಾಕಿರುತ್ತಾರೆ. ಎಣ್ಣೆಯ ಆವಿಗೆ ಅದು ಮೆತ್ತಗಾಗಿ ಒಳಗೊಳಗೆ ಕುಸಿದು ಮುಚ್ಚಿಕೊಂಡಿದ್ದರೂ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಎಣ್ಣೆ ತಡೆಯುವ ರಬ್ಬರಿನ ಪೈಪನ್ನೇ, ಮೂಲದ ಒಳ ಅಗಲವನ್ನೇ ಉಳಿಸಿಕೊಂಡು ಹಾಕಬೇಕು. ಅಗಲ ಅರ್ಧವಾದರೆ ಗಾಳಿ ಹಾಯುವ ಜಾಗ ಕಾಲು ಪಾಲಿಗೆ ಇಳಿಯುತ್ತದೆ.

ಮೂರನೆಯ ಹಂತ: ಒತ್ತಡವನ್ನು ಅಳೆಯುವುದು

ಆಯಿಲ್ ಮುಚ್ಚಳ ತೆಗೆದು, ಮೇಲೆ ಅಂಗೈ ಹಿಡಿದು ಬ್ಯಾಕ್ ಕಂಪ್ರೆಶನ್ ಇದೆ, ರಿಂಗ್ ಹೋಗಿದೆ ಎಂದು ಹೇಳಿಬಿಡುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ನುರಿತ ಕೈಗೆ ಅದರಿಂದ ಬಹಳಷ್ಟು ತಿಳಿಯುತ್ತದೆ, ಆದರೆ ಎಂಜಿನ್ ಬೋರ್ ಮಾಡಿಸುವಂಥ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು ಅಗಲಿಸುವಂಥ ದೊಡ್ಡ ನಿರ್ಧಾರಕ್ಕೆ ಅಂಗೈಯ ಅಂದಾಜು ಸಾಲದು. ಅಳೆಯುವ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಮೂರು ಮೀಟರ್ ತನ್ನಿ. ಒಂದು ಹಲಗೆಯ ಮೇಲೆ ಅದರ ಒಂದು ಭಾಗವನ್ನು ಯು ಆಕಾರದಲ್ಲಿ ಕಟ್ಟಿ, ಎರಡೂ ಕಾಲುಗಳು ಕನಿಷ್ಠ 40 ಸೆಂಟಿಮೀಟರ್ ಎತ್ತರವಿರಲಿ. ಚಿಟಿಕೆ ಕುಂಕುಮ ಕದಡಿದ ನೀರನ್ನು ಅರ್ಧದವರೆಗೆ ತುಂಬಿ, ಹಿಂದೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಪೈಪಿನ ಉಳಿದ ಉದ್ದನೆಯ ತುದಿಯನ್ನು ಡಿಪ್‌ಸ್ಟಿಕ್ ತೆಗೆದ ಬಾಯಿಗೆ ಗಾಳಿ ಸೋರದಂತೆ ರಬ್ಬರ್ ತುಂಡಿನಿಂದ ಜೋಡಿಸಿ. ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸವೇ ಒಳಗಿನ ಒತ್ತಡ. 10 ಮಿಲಿಮೀಟರ್ ನೀರೆಂದರೆ ಸುಮಾರು 100 ಪ್ಯಾಸ್ಕಲ್.

ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ, ಅಂದರೆ ಅರ್ಧ ಗಂಟೆ ಕಾರು ಓಡಿಸಿ ಬಂದ ನಂತರವೇ ಅಳೆಯಬೇಕು. ತಣ್ಣಗಿರುವಾಗ ಪಿಸ್ಟನ್ನುಗಳು ಹಿಗ್ಗಿರುವುದಿಲ್ಲ, ಅಳತೆ ತಪ್ಪು ದಾರಿಗೆಳೆಯುತ್ತದೆ. ಕಾರನ್ನು ಬಯಲಿನಲ್ಲೇ ನಿಲ್ಲಿಸಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಫ್ಯಾನ್ ಮತ್ತು ಬೆಲ್ಟಿನಿಂದ ಪೈಪನ್ನೂ ತೋಳನ್ನೂ ದೂರವಿಡಿ.

ದಾರಿಗಳು ತೆರೆದಿರುವ ಆರೋಗ್ಯವಂತ ಎಂಜಿನ್ನಿನಲ್ಲಿ ಐಡ್ಲಿಂಗ್‌ನಲ್ಲಿ ನೀರು ತುಸು ನಡುಗುತ್ತಾ ಬಹುತೇಕ ಸಮನಾಗಿ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿ 2000 ಸುತ್ತಿಗೆ ಏರಿಸಿದಾಗ ಕೆಲವು ಮಿಲಿಮೀಟರ್ ವ್ಯತ್ಯಾಸ ಬರಬಹುದು. ನಿಂತ ಕಾರಿನಲ್ಲೇ 30 ಅಥವಾ 40 ಮಿಲಿಮೀಟರ್ ಏರಿದರೆ ನಾನು ಆ ಎಂಜಿನ್ನನ್ನು ಹಾಗೆಯೇ ಬಿಡುವುದಿಲ್ಲ. ನೀರಿನ ನಡುಕ ಹೆಚ್ಚಾಗಿ ಓದಲಾಗದಿದ್ದರೆ ಪೈಪನ್ನು ಒಂದು ಕಡೆ ಕ್ಲಿಪ್ಪಿನಿಂದ ಸ್ವಲ್ಪ ಹಿಸುಕಿ, ನಡುಕ ಅಡಗುತ್ತದೆ.

ಇನ್ನು ದೋಷ ದಾರಿಯಲ್ಲಿದೆಯೇ ರಿಂಗಿನಲ್ಲಿದೆಯೇ ಎಂದು ಬೇರ್ಪಡಿಸಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ರಾಕರ್ ಕವರಿನ ಪೈಪನ್ನು ಏರ್ ಕ್ಲೀನರಿನಿಂದ ಬಿಚ್ಚಿ, ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚಿ. ನೀರಿನ ಮಟ್ಟ ಅಷ್ಟಾಗಿ ಕದಲದಿದ್ದರೆ ಡ್ರಾಫ್ಟ್ ಟ್ಯೂಬ್ ಒಂದೇ ಇಡೀ ಹರಿವನ್ನು ನಿಭಾಯಿಸುತ್ತಿದೆ, ಅದು ತೆರೆದಿದೆ. ನೀರು ಸರ್ರನೆ ಏರಿದರೆ ತಕ್ಷಣ ಬೆರಳು ತೆಗೆಯಿರಿ: ಡ್ರಾಫ್ಟ್ ಟ್ಯೂಬೋ ಸೈಡ್ ಕವರಿನ ಒಳಗಿನ ಜಾಲರಿಯೋ ಕಟ್ಟಿಕೊಂಡಿದೆ. ಎರಡೂ ದಾರಿ ತೆರೆದಿದ್ದು ಒತ್ತಡ ಮಾತ್ರ ಇಳಿಯದಿದ್ದರೆ ರಿಂಗ್ ಅಥವಾ ಬೋರನ್ನು ಸಂಶಯಿಸಬೇಕು.

ನಾಲ್ಕನೆಯ ಹಂತ: ಕಂಪ್ರೆಶನ್ ನೋಡುವುದು

ಬಿಸಿ ಎಂಜಿನ್ನಿನ ನಾಲ್ಕೂ ಪ್ಲಗ್ ತೆಗೆದು, ಕಾಯಿಲಿನ ತಂತಿ ಬಿಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು, ಗೇಜಿನಿಂದ ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ಬರೆದುಕೊಳ್ಳಿ. ನಂತರ ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಎಣ್ಣೆ ಹಾಕಿದ ಮೇಲೆ ಅಂಕಿ ಗಣನೀಯವಾಗಿ ಏರಿದರೆ ರಿಂಗ್ ಸೋರುತ್ತಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ಬಹಳ ಕಾಲ ನಿಂತಿದ್ದ ಕಾರಿನಲ್ಲಿ ರಿಂಗುಗಳು ಸವೆಯದೆಯೂ ಕಾರ್ಬನ್ನಿನಿಂದ ಅಂಟಿಕೊಂಡಿರುತ್ತವೆ. ಅಂಥ ಎಂಜಿನ್ನನ್ನು ಹೊಸ ಎಣ್ಣೆ ಹಾಕಿ 200 ಅಥವಾ 300 ಕಿಲೋಮೀಟರ್ ಹದವಾಗಿ ಓಡಿಸಿ ಮತ್ತೊಮ್ಮೆ ಅಳೆಯದೆ ಬೋರ್ ಮಾಡಿಸಲು ಒಪ್ಪಬೇಡಿ.

ಐದನೆಯ ಹಂತ: ಸೈಡ್ ಕವರ್ ಬಿಚ್ಚಿ ತೊಳೆಯುವುದು

ಈ ಕೆಲಸಕ್ಕೆ ಒಂದು ಪೂರ್ತಿ ದಿನ ಬೇಕು. ಸೈಡ್ ಕವರುಗಳು ಮ್ಯಾನಿಫೋಲ್ಡಿನ ಕೆಳಗಿರುವುದರಿಂದ ಕಾರ್ಬ್ಯುರೇಟರನ್ನೂ ಮ್ಯಾನಿಫೋಲ್ಡನ್ನೂ ತೆಗೆದರೆ ಮಾತ್ರ ಕೈ ಆಡುತ್ತದೆ. ತೆಗೆಯದೆ ಮಾಡಬಹುದೆಂದು ಹೇಳುವವರಿದ್ದಾರೆ, ಆದರೆ ಹಿಂದಿನ ಕವರಿನ ಕಾರ್ಕನ್ನು ನೋಡದೆ ಕೂರಿಸಿದರೆ ಅದು ಮಡಚಿಕೊಂಡು ಎಲ್ಲ ಕೆಲಸವೂ ವ್ಯರ್ಥವಾಗುತ್ತದೆ. ಮ್ಯಾನಿಫೋಲ್ಡಿನ ಹೊಸ ಗ್ಯಾಸ್ಕೆಟನ್ನು ಮೊದಲೇ ತಂದಿಟ್ಟುಕೊಳ್ಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಹುಡುಕಲು ಅನುಕೂಲವಿದೆ.

ಪ್ರತಿ ಕವರನ್ನು ನಡುವಿನ ಒಂದೇ ಬೋಲ್ಟ್ ಹಿಡಿದಿರುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷು ಮತ್ತು ಸೀಮೆಎಣ್ಣೆಯಿಂದ ತೊಳೆದುಬಿಡಿ, ಇಲ್ಲದಿದ್ದರೆ ಆ ಮಣ್ಣು ನೇರವಾಗಿ ಟ್ಯಾಪೆಟ್ಟುಗಳ ಮೇಲೆ ಬೀಳುತ್ತದೆ. ಮುಂದಿನ ಕವರಿನ ಒಳಗೆ ಎಣ್ಣೆಯ ಹನಿಗಳನ್ನು ತಡೆಹಿಡಿಯುವ ತಂತಿ ಜಾಲರಿ ಇರುತ್ತದೆ. ಹರಿದು ಬರುವ ಆವಿ ಈ ಜಾಲರಿಗೆ ಬಡಿದು ಎಣ್ಣೆ ಹನಿಗಟ್ಟಿ ಒಳಕ್ಕೆ ಇಳಿಯಬೇಕು, ಗಾಳಿ ಮಾತ್ರ ಹೊರಗೆ ಹೋಗಬೇಕು. ಹತ್ತಾರು ವರ್ಷ ಯಾರೂ ಮುಟ್ಟದ ಕವರಿನಲ್ಲಿ ಈ ಜಾಲರಿಯು ತಳ ಹಿಡಿದ ಬೆಲ್ಲದ ಪಾಕದಂತೆ ಕಪ್ಪಗೆ ಗಟ್ಟಿಯಾಗಿರುತ್ತದೆ. ಕವರನ್ನು ರಾತ್ರಿಯಿಡೀ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಕಂಪ್ರೆಸರಿನ ಗಾಳಿಯನ್ನು ಎರಡೂ ಕಡೆಯಿಂದ ಊದಿ, ಕೊಳಕು ಬರುವುದು ನಿಲ್ಲುವವರೆಗೂ ಪುನರಾವರ್ತಿಸಿ. ಕೊಳವೆಯ ಬಾಯಿಗೆ ಬಾಯಿಟ್ಟು ಊದಿದರೆ ಉಸಿರು ತಡೆಯಿಲ್ಲದೆ ಹಾದುಹೋಗಬೇಕು, ಊದುವ ಮೊದಲು ಕವರನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದಿರಿ. ಜಾಲರಿಯನ್ನು ಬೆಂಕಿಯಲ್ಲಿ ಸುಡುವುದು ಬೇಡ, ತಗಡು ಸೊಟ್ಟಗಾಗುತ್ತದೆ. ಜಾಲರಿಯನ್ನು ಕಿತ್ತುಹಾಕುವುದಂತೂ ಕೂಡದು, ಕಿತ್ತರೆ ಎಣ್ಣೆ ನೇರವಾಗಿ ರಸ್ತೆಗೆ ಚೆಲ್ಲುತ್ತದೆ.

ಕವರಿನ ಅಂಚನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಿ. ಹಿಂದೆ ಯಾರಾದರೂ ಸೋರಿಕೆ ನಿಲ್ಲಿಸಲು ಬೋಲ್ಟನ್ನು ಬಲವಾಗಿ ಬಿಗಿದಿದ್ದರೆ ನಡುಭಾಗ ಒಳಸೇರಿ ಮೂಲೆಗಳು ಎದ್ದಿರುತ್ತವೆ. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ಬಡಿದು ಸಮಮಾಡಿ. ಹೊಸ ಕಾರ್ಕ್ ಪ್ಯಾಕಿಂಗ್ ಒಣಗಿ ಕುಗ್ಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮೂಲ ಅಳತೆಗೆ ಬರುತ್ತದೆ. ಅದನ್ನು ಕವರಿಗೆ ಗ್ಯಾಸ್ಕೆಟ್ ಅಂಟಿನಿಂದ ಹಚ್ಚಿ, ಬ್ಲಾಕಿನ ಕಡೆಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಹಚ್ಚುವವರಿದ್ದಾರೆ. ಅದು ಒಳಗೆ ಉಕ್ಕಿ, ತುಂಡಾಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಎಂಜಿನ್ನೇ ಹೋಗುತ್ತದೆ. ಬೋಲ್ಟಿನ ಕೆಳಗಿನ ಫೈಬರ್ ವಾಷರ್ ಹೊಸದಿರಲಿ. ಇದೇ ಕುಟುಂಬದ, ಎಂಜಿ ಕಂಪನಿಯ ಎಂಜಿಬಿ ಕಾರಿನ ಎಂಜಿನ್ನಿನಲ್ಲಿ ಈ ಬೋಲ್ಟಿಗೆ ಹೇಳಿರುವ ಬಿಗಿ ಕೇವಲ 2 ಪೌಂಡ್-ಅಡಿ, ಅಂದರೆ ಸುಮಾರು 2.7 ನ್ಯೂಟನ್-ಮೀಟರ್. ಸ್ಪ್ಯಾನರಿನ ತಲೆಯ ಹತ್ತಿರ ಎರಡು ಬೆರಳಿನಿಂದ ಹಿಡಿದು ತಿರುಗಿಸಿದರೆ ಸಿಗುವ ಬಿಗಿ ಅದು.

ಪಿಸಿವಿ ವಾಲ್ವ್ ಹಾಕಿಸಬೇಕೇ

ಡ್ರಾಫ್ಟ್ ಟ್ಯೂಬ್ ತನ್ನೊಳಗೆ ಬಂದ ಆವಿಯನ್ನೆಲ್ಲ ಬಯಲಿಗೆ ಬಿಡುತ್ತದೆ. ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ಎಂಬ ವ್ಯವಸ್ಥೆ ಅದನ್ನು ಎಂಜಿನ್ನಿಗೇ ಮರಳಿಸಿ ಸುಡುತ್ತದೆ. ಲಾಸ್ ಏಂಜಲೀಸಿನ ಹೊಗೆಮಂಜಿಗೆ ಕಾರಣ ಹುಡುಕಿದಾಗ ಕಾರುಗಳ ಕ್ರ್ಯಾಂಕ್‌ಕೇಸಿನಿಂದ ಬರುವ ಹೈಡ್ರೋಕಾರ್ಬನ್ನುಗಳ ಪಾಲು ಸಣ್ಣದಲ್ಲ ಎಂದು ತಿಳಿದು, 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದ ಕಾರುಗಳಿಗೆ, 1963ರ ಮಾದರಿಗಳಿಂದ ಅಮೆರಿಕದಾದ್ಯಂತ ಕಾರುಗಳಿಗೆ ಪಿಸಿವಿ ಬಂತು. ಆಲೋಚನೆ ಹೊಸದಾಗಿರಲಿಲ್ಲ, ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೇ ಮ್ಯಾನಿಫೋಲ್ಡಿಗೆ ಜೋಡಿಸಿದ ಇಂಥ ವಾಲ್ವ್ ಇತ್ತು. ಬಿ-ಸೀರೀಸಿನ ಎಂಜಿಬಿಗೆ 1964ರಲ್ಲಿ ಡಯಾಫ್ರಮ್ (ಬಾಗುವ ತೆಳು ಪೊರೆ) ಇರುವ ಸ್ಮಿತ್ಸ್ ಕಂಪನಿಯ ಪಿಸಿವಿ ವಾಲ್ವ್ ಬಂತು.

ಮ್ಯಾನಿಫೋಲ್ಡಿನ ನಿರ್ವಾತವೇ ಆವಿಯನ್ನು ಎಳೆದು ಸಿಲಿಂಡರಿಗೆ ಒಯ್ದು ಸುಡುವುದು ಇದರ ತತ್ತ್ವ. ಐಡ್ಲಿಂಗ್‌ನಲ್ಲಿ ನಿರ್ವಾತ ಹೆಚ್ಚು, ನುಸುಳುವ ಅನಿಲ ಕಡಿಮೆ, ಆದ್ದರಿಂದ ಸ್ಪ್ರಿಂಗಿನ ವಾಲ್ವ್ ಕಿರಿದಾಗುತ್ತದೆ. ಸಾಮಾನ್ಯ ಓಟದಲ್ಲಿ ಅಗಲವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನಿರ್ವಾತವೇ ಇರದ ಕಾರಣ ಹೆಚ್ಚಿನ ಅನಿಲ ರಾಕರ್ ಕವರಿನ ಪೈಪಿನಿಂದ ಏರ್ ಕ್ಲೀನರಿಗೆ ಹೋಗಬೇಕು. ಮ್ಯಾನಿಫೋಲ್ಡಿನಲ್ಲಿ ಬ್ಯಾಕ್‌ಫೈರ್ ಆದರೆ ವಾಲ್ವ್ ತಟ್ಟನೆ ಮುಚ್ಚಿ, ಜ್ವಾಲೆ ಕ್ರ್ಯಾಂಕ್‌ಕೇಸಿಗೆ ಇಳಿಯದಂತೆ ತಡೆಯುತ್ತದೆ.

ಮೂಲ ಸ್ಥಿತಿಯಲ್ಲಿರುವ, ವರ್ಷಕ್ಕೆ ನಾಲ್ಕು ಬಾರಿ ಮೆರವಣಿಗೆಗೆ ಹೊರಡುವ ಕಾರಿಗೆ ಇದನ್ನು ಹಾಕಬಾರದೆಂಬುದು ನನ್ನ ಅಭಿಪ್ರಾಯ. ಅದರ ಡ್ರಾಫ್ಟ್ ಟ್ಯೂಬನ್ನು ಸುಸ್ಥಿತಿಯಲ್ಲಿಟ್ಟರೆ ಸಾಕು. ನಗರದ ದಟ್ಟಣೆಯಲ್ಲಿ ದಿನನಿತ್ಯ ಓಡುವ ಕಾರಿಗೆ ಮಾತ್ರ ನಿಜವಾದ ಪ್ರಯೋಜನವಿದೆ, ಏಕೆಂದರೆ 40 ಕಿಲೋಮೀಟರ್ ವೇಗ ಮುಟ್ಟುವುದೇ ಅಪರೂಪವಾದ ರಸ್ತೆಯಲ್ಲಿ ಡ್ರಾಫ್ಟ್ ಟ್ಯೂಬ್ ಆವಿಯನ್ನು ಹೊರಗೆಳೆಯುವುದೇ ಇಲ್ಲ. ಹಾಕುವುದಾದರೆ 1300 ರಿಂದ 1600 ಸಿಸಿಯ, ನಾಲ್ಕು ಸಿಲಿಂಡರಿನ ಕಾರ್ಬ್ಯುರೇಟರ್ ಎಂಜಿನ್ನಿನ ವಾಲ್ವ್ ಆರಿಸಿ. ಮ್ಯಾನಿಫೋಲ್ಡಿನಲ್ಲಿ ಅದು ಸೇರುವ ಜಾಗ ಕಾರ್ಬ್ಯುರೇಟರಿನ ನೇರ ಕೆಳಗೆ, ಎಲ್ಲ ಸಿಲಿಂಡರುಗಳಿಗೂ ಸಮನಾಗಿರಬೇಕು. ಒಂದು ಬದಿಗೆ ಸೇರಿಸಿದರೆ ಆ ಬದಿಯ ಸಿಲಿಂಡರುಗಳ ಮಿಶ್ರಣ ತೆಳುವಾಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಮ್ಯಾನಿಫೋಲ್ಡನ್ನು ಕೊರೆಯುವ ಬದಲು ಕಾರ್ಬ್ಯುರೇಟರಿನ ಅಡಿಗೆ ಕೊಳವೆಯಿರುವ ಅಲ್ಯೂಮಿನಿಯಂ ಸ್ಪೇಸರ್ ಪ್ಲೇಟ್ ಹಾಕಿಸಿದರೆ ಮುಂದೆ ಮೂಲ ಸ್ಥಿತಿಗೆ ಮರಳಬಹುದು. ವಾಲ್ವಿನ ಇನ್ನೊಂದು ತುದಿಯನ್ನು ಜಾಲರಿಯಿರುವ ಮುಂದಿನ ಸೈಡ್ ಕವರಿನ ಬಾಯಿಗೇ ಜೋಡಿಸಿ. ಜಾಲರಿಯಿಲ್ಲದ ಕಡೆಯಿಂದ ಎಳೆದರೆ ಎಂಜಿನ್ ಎಣ್ಣೆ ಕುಡಿಯುತ್ತದೆ. ಬಳಿಕ ಕಾರ್ಬ್ಯುರೇಟರಿನ ಐಡ್ಲಿಂಗ್ ಮತ್ತು ಮಿಶ್ರಣ ಎರಡನ್ನೂ ಹೊಸದಾಗಿ ಹೊಂದಿಸಲೇಬೇಕು.

ಸ್ಮಿತ್ಸ್ ವಾಲ್ವಿನ ಕಾರುಗಳಲ್ಲಿ ಒಂದು ಸರಳ ಪರೀಕ್ಷೆಯಿದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದರೆ ವೇಗ ಸುಮಾರು 200 ಸುತ್ತು ಏರಬೇಕು. ಏನೂ ಬದಲಾಗದಿದ್ದರೆ ವಾಲ್ವ್ ಬಿಚ್ಚಿ ತೊಳೆಯಬೇಕು, ಡಯಾಫ್ರಮ್ ಹರಿದಿದೆಯೇ ನೋಡಬೇಕು. ಅಂಥ ಕಾರುಗಳ ಆಯಿಲ್ ಮುಚ್ಚಳದಲ್ಲಿ ಗಾಳಿ ಅಳೆದು ಬಿಡುವ ಸಣ್ಣ ರಂಧ್ರವೂ ಫಿಲ್ಟರೂ ಇರುತ್ತವೆ. ಅದರ ಜಾಗಕ್ಕೆ ನೋಡಲು ಹಾಗೆಯೇ ಇರುವ ಬೇರೆ ಮುಚ್ಚಳ ಹಾಕಿದರೆ ಇಡೀ ವ್ಯವಸ್ಥೆಯ ಲೆಕ್ಕ ತಪ್ಪುತ್ತದೆ.

ಕೊನೆಯ ಹಂತ: ಮತ್ತೆ ಅಳೆಯುವುದು

ಎಲ್ಲವನ್ನೂ ಜೋಡಿಸಿ, ಹಳೆಯ ಎಣ್ಣೆ ತೆಗೆದು ಹೊಸ ಎಣ್ಣೆಯನ್ನೂ ಫಿಲ್ಟರನ್ನೂ ಹಾಕಿ, ಕ್ಲಚ್ ಹೌಸಿಂಗಿನ ಕೆಳಗಿನ ರಂಧ್ರವನ್ನು ಒರೆಸಿಬಿಡಿ. ಎಂಜಿನ್ನಿನ ತಳ ಪೂರ್ತಿ ಬಿಸಿಯಾಗಿ ಒಳಗಿನ ನೀರು ಆವಿಯಾಗುವಂತೆ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಬಂದು, ಅದೇ ಕುಂಕುಮದ ನೀರಿನ ಪೈಪಿನಿಂದ ಐಡ್ಲಿಂಗ್ ಮತ್ತು 2000 ಸುತ್ತಿನ ಅಳತೆ ತೆಗೆದು, ದಿನಾಂಕ ಮತ್ತು ಕಿಲೋಮೀಟರಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. 500 ಕಿಲೋಮೀಟರ್ ಆದ ಮೇಲೆ ಸೈಡ್ ಕವರಿನ ಬೋಲ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ, ಕಾರ್ಕ್ ಕೂತಿದ್ದರಿಂದ ತುಸು ಸಡಿಲವಾಗಿರುತ್ತವೆ. ಪ್ರತಿ ಎಣ್ಣೆ ಬದಲಾವಣೆಯ ದಿನ ಡ್ರಾಫ್ಟ್ ಟ್ಯೂಬಿಗೆ ತಂತಿ ತೂರಿಸಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕೊಳವೆಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆಯನ್ನು ದಾರದಿಂದ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡುವ ದಿನ ಬಿಚ್ಚಲು ಮರೆಯದಂತೆ ಸ್ಟೀರಿಂಗಿಗೆ ಒಂದು ಚೀಟಿ ತೂಗುಹಾಕಿ.